ರಾಜಮಂಡ್ರಿ ಪೆನ್ನು, ಕನ್ನಡದ ತಲೆಕಟ್ಟು

ಆದವಾನಿ ಪೇಟೆಗೆ ಹತ್ತಿ ಹಾಕಿ ಬಂದ ದಿನ ರಾತ್ರಿ ನನಗೆ ಎರಡು ಬರವಣಿಗೆ. ದಲ್ಲಾಳಿ ಲೆಕ್ಕ ತೆಲುಗಿನಲ್ಲಿ, ಬಳ್ಳಾರಿಯ ಅಕ್ಕನಿಗೆ ಕಾಗದ ಕನ್ನಡದಲ್ಲಿ. ಎರಡಕ್ಕೂ ಒಂದೇ ಇಂಕ್ ಪೆನ್ನು, ರಾಜಮಂಡ್ರಿಯ ರತ್ನಂ.

ಗಾಂಧೀಜಿಯವರ ಸ್ವದೇಶಿ ಮಾತಿಗೆ ಓಗೊಟ್ಟು ಕೆ.ವಿ. ರತ್ನಂ 1930ರ ದಶಕದಲ್ಲಿ ಹಿಡಿದ ಕಸುಬು ಅದು. ಪೆನ್ನು ತಲುಪಿತೆಂದು 1935ರಲ್ಲಿ ಗಾಂಧೀಜಿಯೇ ಕಾಗದ ಬರೆದರು. ನನ್ನದು ಎಬೊನೈಟಿನದು, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಲೋಹದಂತೆ ಕೈಗೆ ತಣ್ಣಗೆ ತಾಗೋದಿಲ್ಲ. ಬಿಸಿಲಿಗಿಟ್ಟರೆ ಮಾತ್ರ ಕಪ್ಪು ಹೋಗಿ ಕಂದು ಬರುತ್ತೆ.

ಗುದ್ದಲಿ ಹಿಡಿದ ಕೈಗೆ ಬಾಲ್‌ಪೆನ್ನು ಒತ್ತಿ ಒತ್ತಿ ನೋವು. ಇದಕ್ಕೆ ಒತ್ತೋದೇ ಬೇಡ. ನಮ್ಮ ಎರಡೂ ಲಿಪಿ ಗುಂಡಗಿನವು. ನಿಬ್ಬು ಮೇಲಕ್ಕೆ ತಿರುಗುವಾಗ ಗೀರಬಾರದು, ಕೊಳ್ಳುವಾಗ ಅದನ್ನೇ ನೋಡ್ತೀನಿ. ಒಳಗೆ ಟ್ಯೂಬಿಲ್ಲ, ಕೊಳವೆಗೇ ಶಾಯಿ. ಶಾಯಿ ಕಮ್ಮಿಯಾದರೆ ಕೈಬಿಸಿಗೆ ಒಳಗಿನ ಗಾಳಿ ಹಿಗ್ಗಿ ತೊಟ್ಟಿಕ್ಕುತ್ತೆ. ಹಾಗೆ ಒಂದು ಪದ್ಯವೇ ಹೋಯ್ತು. (ತೆಲುಗಿನದು, ಅಷ್ಟೇನೂ ಚೆನ್ನಾಗಿರಲಿಲ್ಲ ಬಿಡಿ.)

ಒಂದೊಂದೇ ಕೂಡಿಸಿ ಈಗ ಏಳು ಪೆನ್ನಾಗಿವೆ. ಒಂದನ್ನು ಮೊಮ್ಮಗನಿಗೆ ಕೊಟ್ಟಿದ್ದೀನಿ. ಹುಡುಗ ಮನೇಲಿ ಆಡೋದು ಕನ್ನಡ, ಶಾಲೇಲಿ ಓದೋದು ತೆಲುಗು. ಕನ್ನಡ ಅಕ್ಷರ ಅಂದ್ರೆ ದೂರ. ಅದಕ್ಕೇ ಅಕ್ಕನ ಕಾಗದದ ಕೊನೇ ಎರಡು ಸಾಲು ಅವನ ಕೈಲಿ ಬರೆಸ್ತೀನಿ. ಮೊನ್ನೆ ‘ಕ’ಕ್ಕೆ ತೆಲುಗಿನ ಓರೆ ತಲಕಟ್ಟು ಹಾಕಿಬಿಟ್ಟ. ನಾನು ತಿದ್ದಲಿಲ್ಲ. ಅಕ್ಕ ಓದ್ಕೊಂತಾಳೆ.