ಟಿಕೆಟ್ ದುಡ್ಡು ಕಟ್ಟಿದರೆ ಮುಗೀತಾ? ಜರ್ಸಿ ಸಿಟಿಯಲ್ಲಿ ಲೈಸೆನ್ಸ್ ಪಾಯಿಂಟ್ ಲೆಕ್ಕ

ದುಬೈ, ಶಾರ್ಜಾದಲ್ಲಿ ಗಾಡಿ ಓಡಿಸಿದವರಿಗೆ ಬ್ಲ್ಯಾಕ್ ಪಾಯಿಂಟ್ ಹೊಸದೇನಲ್ಲ. ಯುಎಇಯಲ್ಲಿ 24 ಪಾಯಿಂಟ್ ತುಂಬಿದರೆ ಮೊದಲ ಸಲ 3 ತಿಂಗಳು ಲೈಸೆನ್ಸ್ ಅಮಾನತು. ಗಲ್ಫ್ ಬಿಟ್ಟು ಅಮೆರಿಕದ ಜರ್ಸಿ ಸಿಟಿ ಸೇರಿದ ನಮ್ಮವರು ಅಲ್ಲಿಯೂ ಇದೇ ಲೆಕ್ಕ ಅಂದುಕೊಂಡರೆ ಕಷ್ಟ. ನ್ಯೂಜೆರ್ಸಿ ರಾಜ್ಯದಲ್ಲಿ 12 ಪಾಯಿಂಟ್‌ಗೇ ಲೈಸೆನ್ಸ್ ಹೋಗುತ್ತದೆ. ಅದಕ್ಕೂ ಮೊದಲು, 6ಕ್ಕೇ ಜೇಬಿಗೆ ಕತ್ತರಿ ಬೀಳುತ್ತದೆ.

ಯಾವುದಕ್ಕೆ ಎಷ್ಟು ಪಾಯಿಂಟ್?

ಮಿತಿಗಿಂತ 14 ಮೈಲಿವರೆಗೆ ಹೆಚ್ಚು ವೇಗ: 2
15ರಿಂದ 29 ಮೈಲಿ ಹೆಚ್ಚು: 4
30 ಮೈಲಿ ಅಥವಾ ಅದಕ್ಕೂ ಹೆಚ್ಚು: 5
ಸಿಗ್ನಲ್ ಜಂಪ್: 2
ಮುಂದಿನ ಗಾಡಿಗೆ ತೀರಾ ಹತ್ತಿರ ಓಡಿಸುವುದು: 5
ನಿಂತ ಸ್ಕೂಲ್ ಬಸ್ ದಾಟುವುದು: 5

ಪಾರ್ಕಿಂಗ್ ಟಿಕೆಟ್‌ಗೆ ಪಾಯಿಂಟ್ ಇಲ್ಲ. ಆದರೆ ಹಾಲೆಂಡ್ ಟನಲ್ ದಾಟಿ ನ್ಯೂಯಾರ್ಕ್‌ನಲ್ಲಿ ಸಿಕ್ಕಿಬಿದ್ದರೂ ನ್ಯೂಜೆರ್ಸಿ ಲೈಸೆನ್ಸ್‌ಗೆ 2 ಪಾಯಿಂಟ್ ಬರುತ್ತದೆ.

ಈಗ ಲೆಕ್ಕ ನೋಡಿ. 20 ಮೈಲಿ ಹೆಚ್ಚು ವೇಗಕ್ಕೆ 4, ಒಂದು ಸಿಗ್ನಲ್‌ಗೆ 2, ಒಟ್ಟು 6. ಟಿಕೆಟ್ ದಂಡ ಬೇರೆ. ಇದರ ಮೇಲೆ ಮೋಟಾರ್ ವೆಹಿಕಲ್ ಕಮಿಷನ್‌ನಿಂದ 150 ಡಾಲರ್ ಸರ್‌ಚಾರ್ಜ್ ಬಿಲ್ ಬರುತ್ತದೆ. ಆರರ ಮೇಲಿನ ಪ್ರತಿ ಪಾಯಿಂಟ್‌ಗೆ ಇನ್ನೂ 25 ಡಾಲರ್. ಅಂದರೆ 11 ಪಾಯಿಂಟ್ ಆದರೆ 275 ಡಾಲರ್. ಮೂರು ವರ್ಷದ ಲೆಕ್ಕದಲ್ಲಿ 6 ಅಥವಾ ಹೆಚ್ಚು ಇರುವಷ್ಟು ಕಾಲ ಈ ಬಿಲ್ ವರ್ಷ ವರ್ಷವೂ ಬರುತ್ತದೆ. ಕಟ್ಟದಿದ್ದರೆ ಲೈಸೆನ್ಸ್ ಅಮಾನತು. ಇನ್ಶೂರೆನ್ಸ್ ಕಂಪನಿ ಪ್ರೀಮಿಯಂ ಏರಿಸಿದರೆ ಅದು ಪ್ರತ್ಯೇಕ ಖರ್ಚು.

ಅಮಾನತಾದ ಮೇಲೂ "ಹತ್ತಿರದಲ್ಲೇ ಅಲ್ವಾ ಕೆಲಸ" ಅಂತ ಸ್ಟೇರಿಂಗ್ ಹಿಡಿಯಬೇಡಿ. ಸಿಕ್ಕಿಬಿದ್ದರೆ ಮೊದಲ ಸಲ 500 ಡಾಲರ್ ದಂಡ. ಎರಡನೇ ಸಲ 750 ಡಾಲರ್, ಜೊತೆಗೆ 1ರಿಂದ 5 ದಿನ ಜೈಲು. ಡ್ರೈವಿಂಗನ್ನೇ ನಂಬಿದ ಮನೆಗೆ ಇದು ಸಂಬಳಕ್ಕೇ ಪೆಟ್ಟು. ಊರಿಗೆ ಕಳಿಸುವ ದುಡ್ಡೂ ನಿಲ್ಲುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ಟಿಕೆಟ್ ಬಂದ ಕೂಡಲೇ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿಬಿಡುತ್ತಾರೆ. ಹಾಗೆ ಕಟ್ಟಿದರೆ ತಪ್ಪೊಪ್ಪಿಕೊಂಡಂತೆ. ಆ ತಪ್ಪಿಗೆ ಪಾಯಿಂಟ್ ಇದ್ದರೆ ಅದೂ ಲೈಸೆನ್ಸ್‌ಗೆ ಸೇರುತ್ತದೆ. ಕಟ್ಟುವ ಮೊದಲು ಎಷ್ಟು ಪಾಯಿಂಟ್ ಅಂತ ನೋಡಿ. ಒಪ್ಪದೆ ಮುನಿಸಿಪಲ್ ಕೋರ್ಟ್‌ಗೆ ಹೋದರೆ ಪ್ರಾಸಿಕ್ಯೂಟರ್ ಜೊತೆ ಮಾತಾಡಲು ಅವಕಾಶವಿದೆ. ಕೆಲವು ಕೇಸುಗಳಲ್ಲಿ 'ಅನ್‌ಸೇಫ್ ಡ್ರೈವಿಂಗ್' ಅಂತ ಇಳಿಸುತ್ತಾರೆ. ಮೊದಲ ಎರಡು ಸಲ ಅದಕ್ಕೆ ಪಾಯಿಂಟ್ ಇಲ್ಲ, ಆದರೆ ದಂಡದ ಜೊತೆ 250 ಡಾಲರ್ ಸರ್‌ಚಾರ್ಜ್ ಇದೆ. ಯಾವುದು ಅಗ್ಗ ಅಂತ ಲೆಕ್ಕ ಹಾಕಿಯೇ ಒಪ್ಪಿಕೊಳ್ಳಿ.

ಬಂದ ಪಾಯಿಂಟ್ ಇಳಿಸುವ ದಾರಿಯೂ ಇದೆ. ತಪ್ಪು, ಅಮಾನತು ಎರಡೂ ಇಲ್ಲದೆ ಸತತ 12 ತಿಂಗಳು ಕಳೆದರೆ 3 ಪಾಯಿಂಟ್ ಇಳಿಯುತ್ತದೆ. ಅಂಗೀಕೃತ ಡಿಫೆನ್ಸಿವ್ ಡ್ರೈವಿಂಗ್ ಕೋರ್ಸ್ ಮಾಡಿದರೆ 2 ಇಳಿಯುತ್ತದೆ, ಆದರೆ ಇದು 5 ವರ್ಷಕ್ಕೊಮ್ಮೆ ಮಾತ್ರ. ಪಾಯಿಂಟ್ ಇಳಿದರೂ ಆ ತಪ್ಪು ದಾಖಲೆಯಲ್ಲಿ ಉಳಿಯುತ್ತದೆ.

ಕೊನೆಯದಾಗಿ ವಿಳಾಸ. ಬಾಡಿಗೆ ಮನೆ ಬದಲಾಯಿಸಿದರೆ ಒಂದು ವಾರದೊಳಗೆ ಕಮಿಷನ್‌ಗೆ ತಿಳಿಸಬೇಕು. ಇಲ್ಲದಿದ್ದರೆ ಅಮಾನತಿನ ನೋಟಿಸ್ ಹಳೇ ಮನೆಗೆ ಹೋಗುತ್ತದೆ, ನಿಮಗೆ ಗೊತ್ತಾಗುವುದು ಪೊಲೀಸರು ಗಾಡಿ ನಿಲ್ಲಿಸಿದಾಗಲೇ.