ಪಾಡ್‌ಕಾಸ್ಟ್ | ಫಾಸ್ಟ್ ಬೌಲರ್‌ನ ಭುಜ: ಯಾರೂ ಎಣಿಸದ ಬಾಲ್‌ಗಳ ಲೆಕ್ಕ

ಪರ್ಪಲ್ ಲೈನ್ ಮೆಟ್ರೊದಲ್ಲಿ ನಿಂತ್ಕೊಂಡು ಕೇಳ್ತಿದ್ದೀರೋ, ಟಿನ್ ಫ್ಯಾಕ್ಟರಿ ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡು ಕೇಳ್ತಿದ್ದೀರೋ, ಇವತ್ತಿನ ಸಂಚಿಕೆ ಬಾಲ್ ಎಸೆದು ಬದುಕು ಕಟ್ಟಿಕೊಳ್ಳೋರ ಬಗ್ಗೆ. ಅವರ ಕೈ ಎಷ್ಟು ವರ್ಷ ಬಾಳಿಕೆ ಬರುತ್ತೆ, ಯಾಕೆ ಕೆಡುತ್ತೆ ಅನ್ನೋದರ ಬಗ್ಗೆ.

ಈ ವಿಷಯ ತಲೆಗೆ ಹತ್ತಿದ್ದು ಎರಡು ವಾರದ ಹಿಂದೆ, ಒಂದು ಭಾನುವಾರ. ಮಹದೇವಪುರದ ನಮ್ಮನೆಗೆ ಅಕ್ಕನ ಮಗ ಬಂದಿದ್ದ. ಹದಿನೈದು ವರ್ಷ, ಬಲಗೈ ಫಾಸ್ಟ್ ಬೌಲರ್. ಮೇಲಿನ ಶೆಲ್ಫ್‌ನಿಂದ ಉಪ್ಪಿನಕಾಯಿ ಬಾಟಲ್ ತೆಗಿ ಅಂದೆ. ಎಡಗೈ ಎತ್ತಿದ. ಬಲಗೈ ಭುಜದಿಂದ ಮೇಲಕ್ಕೆ ಏಳ್ತಾನೇ ಇರಲಿಲ್ಲ.

‘ಏನಾಯ್ತೋ ಭುಜಕ್ಕೆ?’

‘ಏನಿಲ್ಲ ಮಾಮ. ಅಮ್ಮಂಗೆ ಹೇಳ್ಬೇಡಿ. ಕೋಚ್‌ಗೆ ಗೊತ್ತಾದ್ರೆ ಶನಿವಾರದ ಮ್ಯಾಚ್‌ಗೆ ತಗೊಳ್ಳಲ್ಲ.’

ನಾನು ಬೈಯಲಿಲ್ಲ. ‘ನಿನ್ನೆ ಎಷ್ಟು ಬಾಲ್ ಹಾಕಿದೆ?’ ಅಂತ ಕೇಳಿದೆ. ಅವನಿಗೇ ಗೊತ್ತಿರಲಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕಿದ್ವಿ. ಬೆಳಗ್ಗೆ ನೆಟ್ಸ್‌ನಲ್ಲಿ ಸುಮಾರು 60. ಮಧ್ಯಾಹ್ನ ಸ್ಕೂಲ್ ಮ್ಯಾಚ್‌ನಲ್ಲಿ 7 ಓವರ್, ಅಂದ್ರೆ 42. ಸಂಜೆ ಫ್ರೆಂಡ್ಸ್ ಟರ್ಫ್ ಬುಕ್ ಮಾಡಿದ್ರು, ಅಲ್ಲಿ ಟೆನಿಸ್ ಬಾಲ್‌ನಲ್ಲಿ 30. ಒಟ್ಟು 132. ಒಂದೇ ದಿನದಲ್ಲಿ.

ಈಗ ಸ್ವಲ್ಪ ಅಮೆರಿಕಕ್ಕೆ ಹೋಗೋಣ. ಬೇಸ್‌ಬಾಲ್‌ನಲ್ಲಿ ಬಾಲ್ ಎಸೆಯುವವನನ್ನು ಪಿಚರ್ ಅಂತಾರೆ. ನಮ್ಮ ಫಾಸ್ಟ್ ಬೌಲರ್‌ಗೆ ಹತ್ತಿರದ ಸಂಬಂಧಿ ಅನ್ನಬಹುದು. ಅಲ್ಲಿ ಪಿಚರ್ ಎಸೆದ ಪ್ರತಿಯೊಂದು ಬಾಲ್ ಲೆಕ್ಕಕ್ಕೆ ಬರುತ್ತೆ. ಪಂದ್ಯ ಶುರು ಮಾಡುವ ಪಿಚರ್ ಸಾಮಾನ್ಯವಾಗಿ ಒಂದು ದಿನ ಆಡಿದರೆ ಮುಂದಿನ ನಾಲ್ಕು ದಿನ ಪಂದ್ಯಕ್ಕೆ ಇಳಿಯುವುದಿಲ್ಲ. 2014ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಮಕ್ಕಳಿಗಾಗಿ ‘ಪಿಚ್ ಸ್ಮಾರ್ಟ್’ ಅನ್ನುವ ಮಾರ್ಗಸೂಚಿ ತಂದಿತು. ಅದರ ಪ್ರಕಾರ 15–16 ವಯಸ್ಸಿನವರು ಪಂದ್ಯದ ದಿನ ಹೆಚ್ಚೆಂದರೆ 95 ಬಾಲ್ ಎಸೆಯಬಹುದು. 76 ಮುಟ್ಟಿತು ಅಂದ್ರೆ ನಾಲ್ಕು ದಿನ ವಿಶ್ರಾಂತಿ.

ಪಿಚಿಂಗ್ ಬೇರೆ, ಬೌಲಿಂಗ್ ಬೇರೆ, ನಿಜ. ಪಿಚರ್ ನಿಂತ ಜಾಗದಿಂದ ಎಸೀತಾನೆ, ಮೊಣಕೈ ಮಡಚಿ ಬಿಚ್ಚುತ್ತಾನೆ. ಹಾಗಾಗಿ ಅವನ ಮೊಣಕೈಗೆ ಅಪಾಯ ಜಾಸ್ತಿ. ಬೌಲರ್ ಓಡಿ ಬರ್ತಾನೆ, ಕೈ ನೇರ ಇಡ್ತಾನೆ. ಮುಂದಿನ ಕಾಲು ನೆಲಕ್ಕೆ ಬಡಿದಾಗ ದೇಹದ ತೂಕದ ಹಲವು ಪಟ್ಟು ಹೊರೆ ಕಾಲಿನಿಂದ ಸೊಂಟಕ್ಕೆ ಏರುತ್ತೆ. ಆದ್ದರಿಂದ 95 ಅನ್ನೋ ಸಂಖ್ಯೆಯನ್ನು ಹಾಗೇ ಎತ್ತಿ ನಮಗೆ ಅಂಟಿಸಕ್ಕಾಗಲ್ಲ. ಆದರೆ ಎಣಿಸಬೇಕು ಅನ್ನುವ ಪಾಠ ಇಬ್ಬರಿಗೂ ಒಂದೇ. ಭುಜವೂ ಇಬ್ಬರಿಗೂ ಒಂದೇ ಥರದ್ದು.

ಭುಜದೊಳಗೆ ಏನಿದೆ ನೋಡೋಣ. ಸ್ಕೂಲ್ ಸ್ಪೋರ್ಟ್ಸ್ ಡೇಲಿ ಲೆಮನ್ ಅಂಡ್ ಸ್ಪೂನ್ ಓಡಿದ್ದು ನೆನಪಿದ್ಯಾ? ಭುಜದ ಕೀಲು ಹೆಚ್ಚುಕಡಿಮೆ ಹಾಗೇ. ತೋಳಿನ ಮೂಳೆಯ ತುದಿ ನಿಂಬೆಹಣ್ಣಿನಂಥ ಗುಂಡು, ಅದು ಕೂರುವ ಗುಂಡಿ ಚಮಚದಷ್ಟೇ ಆಳ. ಅದಕ್ಕೇ ಕೈಯನ್ನು ಎಲ್ಲಾ ಕಡೆ ತಿರುಗಿಸಕ್ಕಾಗೋದು. ಆ ಗುಂಡನ್ನು ಜಾರದಂತೆ ಹಿಡಿದಿಡೋದು ನಾಲ್ಕು ಸ್ನಾಯುಗಳು. ಇವುಗಳ ಗುಂಪಿನ ಹೆಸರು ರೊಟೇಟರ್ ಕಫ್. ಬಾಲ್ ಕೈಬಿಟ್ಟ ಮೇಲೂ ಕೈ ಅದೇ ವೇಗದಲ್ಲಿ ಮುಂದಕ್ಕೆ ಹೋಗ್ತಿರುತ್ತೆ, ಅಲ್ವಾ? ಅದಕ್ಕೆ ಬ್ರೇಕ್ ಹಾಕೋದೂ ಇವೇ. ಪ್ರತಿ ಬಾಲ್‌ಗೂ ಒಂದು ಸಡನ್ ಬ್ರೇಕ್. ವಿಶ್ರಾಂತಿ ಸಿಕ್ಕರೆ ಸಣ್ಣಪುಟ್ಟ ಸವೆತ ವಾಸಿಯಾಗುತ್ತೆ. ಸಿಗದಿದ್ದರೆ ಅದೇ ಹರಿತದ ಕಡೆಗೆ ಹೋಗುತ್ತೆ.

ಇದನ್ನು ಅನುಭವಿಸಿದವರು ನಮ್ಮಲ್ಲೇ ಇದ್ದಾರೆ. ಮೈಸೂರಿನ ಜಾವಗಲ್ ಶ್ರೀನಾಥ್. ಹುಟ್ಟಿದ್ದು 1969ರಲ್ಲಿ, ಓದಿದ್ದು ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್. ಕರ್ನಾಟಕದ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲೇ, ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್. 1996ರ ನವೆಂಬರ್‌ನಲ್ಲಿ ಅಹಮದಾಬಾದ್‌ನಲ್ಲಿ ದಕ್ಷಿಣ ಆಫ್ರಿಕಾ 170 ರನ್ ಬೆನ್ನಟ್ಟಿತ್ತು. ಶ್ರೀನಾಥ್ 21 ರನ್‌ಗೆ 6 ವಿಕೆಟ್ ಕಿತ್ತರು, ಎದುರಾಳಿ 105ಕ್ಕೆ ಆಲೌಟ್.

ಅದಾಗಿ ಕೆಲವೇ ತಿಂಗಳು. 1997ರಲ್ಲಿ ಅವರ ರೊಟೇಟರ್ ಕಫ್ ಕೈಕೊಟ್ಟಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆ ಆಯ್ತು. ವೇಗವೇ ಬಂಡವಾಳ ಆದವನಿಗೆ 27ನೇ ವಯಸ್ಸಲ್ಲಿ ಇದಕ್ಕಿಂತ ದೊಡ್ಡ ಹೆದರಿಕೆ ಇಲ್ಲ.

ಅವರು ವಾಪಸ್ ಬಂದರು. 1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರಲ್ಲ, ಆಗ ಇನ್ನೊಂದು ತುದಿಯಿಂದ ಬೇಕಂತಲೇ ವೈಡ್ ಹಾಕಿದವರು ಇದೇ ಶ್ರೀನಾಥ್. ಅದೇ ತಿಂಗಳು ಕೋಲ್ಕತ್ತದಲ್ಲಿ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ತೆಗೆದರು. ಆ ಪಂದ್ಯ ಭಾರತ 46 ರನ್‌ಗಳಿಂದ ಸೋತಿತು, ಅದು ಬೇರೆ ಮಾತು. 2003ರ ವಿಶ್ವಕಪ್‌ನಲ್ಲಿ, 33 ದಾಟಿದ ಮೇಲೆ, 16 ವಿಕೆಟ್. ನಿವೃತ್ತಿಯ ಹೊತ್ತಿಗೆ 67 ಟೆಸ್ಟ್‌ಗಳಲ್ಲಿ 236, 229 ಏಕದಿನ ಪಂದ್ಯಗಳಲ್ಲಿ 315.

ಪಿಚರ್‌ಗಳಲ್ಲೂ ಇಂಥ ಒಬ್ಬರಿದ್ದಾರೆ, ಟಾಮಿ ಜಾನ್. 1974ರಲ್ಲಿ ಮೊಣಕೈಯ ಅಸ್ಥಿಬಂಧ ಹರಿಯಿತು. ಡಾಕ್ಟರ್ ಫ್ರಾಂಕ್ ಜೋಬ್ ಇನ್ನೊಂದು ಕೈಯ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸಿದರು. 1975ರ ಸೀಸನ್ ಪೂರ್ತಿ ಹೊರಗಿದ್ದ ಟಾಮಿ 1989ರವರೆಗೂ ಆಡಿದರು. ಇವತ್ತಿಗೂ ಆ ಸರ್ಜರಿಯನ್ನು ಅವರ ಹೆಸರಲ್ಲೇ ಕರೀತಾರೆ.

ಇವತ್ತಿನ ಉದಾಹರಣೆ ಬೇಕಾ? ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ. ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ 2023ರ ಐಪಿಎಲ್ ಹೋಯ್ತು, ತೊಡೆಯ ಸ್ನಾಯುವಿನ ಸರ್ಜರಿಯಿಂದ 2024ರದ್ದೂ ಹೋಯ್ತು. 2025ರಲ್ಲಿ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಗೆದ್ದರು. ಎರಡು ಸೀಸನ್ ಕೂತಿದ್ದು ದಂಡ ಆಗಲಿಲ್ಲ.

ಈ ಮೂವರ ಕಥೆ ಕೇಳಿ ‘ನೋವಾದ್ರೂ ಪರವಾಗಿಲ್ಲ, ವಾಪಸ್ ಬರಬಹುದು’ ಅಂದ್ಕೋಬೇಡಿ. ವಾಪಸ್ ಬಂದವರ ಹೆಸರು ಮಾತ್ರ ನಮಗೆ ಗೊತ್ತಿರುತ್ತೆ. ಅವರ ಸುತ್ತ ಡಾಕ್ಟರ್, ಫಿಸಿಯೊ, ಟ್ರೇನರ್ ಇರ್ತಾರೆ. ದೊಡ್ಡ ತಂಡಗಳಲ್ಲಿ ನೆಟ್ಸ್‌ನ ಬಾಲ್ ಕೂಡ ಎಣಿಸ್ತಾರೆ. ಸ್ಕೂಲ್, ಅಕಾಡೆಮಿ, ಟರ್ಫ್ ಅಂತ ಮೂರು ಕಡೆ ಬೌಲಿಂಗ್ ಮಾಡೋ ಹದಿನೈದರ ಹುಡುಗನದ್ದು? ಸ್ಕೂಲ್‌ನವರಿಗೆ ಅಕಾಡೆಮಿ ಲೆಕ್ಕ ಗೊತ್ತಿಲ್ಲ, ಅಕಾಡೆಮಿಗೆ ಟರ್ಫ್ ಲೆಕ್ಕ ಗೊತ್ತಿಲ್ಲ. ಮೂರೂ ಗೊತ್ತಿರೋದು ಅವನ ಭುಜಕ್ಕೆ ಮಾತ್ರ. ಆ ವಯಸ್ಸಲ್ಲಿ ಮೂಳೆ ಇನ್ನೂ ಬೆಳೀತಿರುತ್ತೆ, ಬೆಳವಣಿಗೆಯ ಜಾಗವೇ ಅದರ ದುರ್ಬಲ ಜಾಗ.

ಹಾಗಾದ್ರೆ ಏನ್ ಮಾಡ್ಬೇಕು? ಫೋನ್‌ನ ನೋಟ್ಸ್‌ನಲ್ಲಿ ದಿನಾ ಒಂದು ಸಾಲು ಬರೀರಿ: ತಾರೀಖು, ಎಷ್ಟು ಬಾಲ್. ನೆಟ್ಸ್, ಮ್ಯಾಚ್, ಟೆನಿಸ್ ಬಾಲ್ ಎಲ್ಲಾ ಸೇರಿಸಿ. ಪರೀಕ್ಷೆ ಮುಗೀತು ಅಂತ ಒಂದೇ ವಾರದಲ್ಲಿ ದುಪ್ಪಟ್ಟು ಮಾಡ್ಬೇಡಿ. ಆಯಾಸ ಬೇರೆ, ನೋವು ಬೇರೆ. ಕೈ ಎತ್ತಿದಾಗ, ರಾತ್ರಿ ಆ ಕಡೆ ಮಗ್ಗುಲಾದಾಗ ನೋವು ಬಂದರೆ ನಿಲ್ಲಿಸಿ, ಡಾಕ್ಟರ್ ಹತ್ರ ಹೋಗಿ. ಮುಲಾಮು ಹಚ್ಚಿ ಮುಂದಿನ ಮ್ಯಾಚ್ ಆಡೋದು ಧೈರ್ಯ ಅಲ್ಲ.

ನಮ್ಮ ಹುಡುಗನ ಕಥೆಗೆ ಬರ್ತೀನಿ. ಅವತ್ತು ಸಂಜೆ ಅಕ್ಕನಿಗೆ ಫೋನ್ ಮಾಡಿ ಹೇಳ್ಬಿಟ್ಟೆ. ಸ್ನಾಯು ಹರಿದಿಲ್ಲ, ಆದರೆ ನಾಲ್ಕು ವಾರ ಬೌಲಿಂಗ್ ಬೇಡ ಅಂದ್ರು ಡಾಕ್ಟರ್. ಶನಿವಾರದ ಮ್ಯಾಚ್ ಹೋಯ್ತು. ಮೂರು ದಿನ ನನ್ನ ಫೋನ್ ಎತ್ತಲಿಲ್ಲ ಅವನು. ನಾಲ್ಕನೇ ದಿನ ವಾಟ್ಸ್ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಬಂತು. ನೋಟ್ಸ್‌ನಲ್ಲಿ ತಾರೀಖು ಹಾಕಿ, ಪಕ್ಕದಲ್ಲಿ ಸೊನ್ನೆ ಬರೆದಿದ್ದ. ಕೆಳಗೆ, ‘ಇನ್ನು 24 ದಿನ ಮಾಮ.’

ನಿಮ್ಮ ಮನೇಲೂ ಒಬ್ಬ ಬೌಲರ್ ಇದ್ರೆ ಇವತ್ತೇ ಕೇಳಿ: ನಿನ್ನೆ ಎಷ್ಟು ಬಾಲ್ ಹಾಕಿದೆ?