ಪ್ರವೇಶಪತ್ರ ಬಂದ ಮೇಲಿನ ಪರೀಕ್ಷೆ

ಮಾರ್ಚ್ ತಿಂಗಳೆಂದರೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ತರುಣ ತರುಣಿಯರಿಗೆ ಒಂದು ವಿಚಿತ್ರ ಋತು. ಅಮೆರಿಕಾದಿಂದಲೋ ಇಂಗ್ಲೆಂಡಿನಿಂದಲೋ ಸ್ನಾತಕೋತ್ತರ ವ್ಯಾಸಂಗಕ್ಕೆ ಕರೆ ಬಂದಿರುತ್ತದೆ. ಮನೆಯಲ್ಲಿ ಪಾಯಸವಾಗಿರುತ್ತದೆ, ಸೋದರಮಾವ, ಸೋದರತ್ತೆಯವರಿಗೆಲ್ಲ ಸುದ್ದಿ ಮುಟ್ಟಿರುತ್ತದೆ, ಸಾಲದ ಕಾಗದಪತ್ರಗಳಿಗಾಗಿ ತಂದೆ ಆಗಲೇ ಎರಡು ಸಲ ಬ್ಯಾಂಕಿಗೆ ಅಲೆದಿರುತ್ತಾರೆ. ಆದರೆ ಪದವಿಯ ಕೊನೆಯ ಪರೀಕ್ಷೆ ಮಾತ್ರ ಇನ್ನೂ ಮುಂದಿರುತ್ತದೆ! ವರ ಒಪ್ಪಿ ಲಗ್ನಪತ್ರಿಕೆ ಅಚ್ಚಾದ ಮೇಲೆ ಜಾತಕ ನೋಡಲು ಕುಳಿತ ಹಾಗೆ.

ಈ ಹೊತ್ತಿನಲ್ಲಿ ಹುಡುಗರು ಎರಡು ಪಂಗಡವಾಗುತ್ತಾರೆ. ‘ಸೀಟು ಸಿಕ್ಕಿತಲ್ಲ, ಇನ್ನೇಕೆ ಓದು’ ಎನ್ನುವವರದು ಒಂದು. ‘ಅರ್ಧ ಅಂಕ ಕಡಿಮೆಯಾದರೂ ಕರೆ ರದ್ದಾಗಿಬಿಡುತ್ತದೆ’ ಎಂದು ನಿದ್ದೆಗೆಡುವವರದು ಇನ್ನೊಂದು. ಇಬ್ಬರೂ ತಮಗೆ ಬಂದ ಪತ್ರವನ್ನು ಕೊನೆಯವರೆಗೆ ಓದಿಲ್ಲವೆಂದೇ ಹೇಳಬೇಕು. ಮೊದಲ ಪುಟದ ಅಭಿನಂದನೆಯನ್ನು ಹತ್ತು ಸಲ ಓದುವವರು ಎರಡನೆಯ ಪುಟದ ಸಣ್ಣಕ್ಷರವನ್ನು ಒಮ್ಮೆಯೂ ಓದುವುದಿಲ್ಲ.

ಆ ಸಣ್ಣಕ್ಷರದಲ್ಲಿ ಏನಿರುತ್ತದೆ? ಅಮೆರಿಕಾದ ವಿಶ್ವವಿದ್ಯಾನಿಲಯಗಳ ಪತ್ರಗಳಲ್ಲಿ ಸಾಮಾನ್ಯವಾಗಿ ಎರಡು ಷರತ್ತುಗಳುಂಟು: ತರಗತಿ ಪ್ರಾರಂಭವಾಗುವುದಕ್ಕೆ ಮುಂಚೆ ಪದವಿ ಪೂರ್ಣವಾಗಿರಬೇಕು, ಅದನ್ನು ತೋರಿಸುವ ಅಂತಿಮ ಅಧಿಕೃತ ಅಂಕಪಟ್ಟಿ ಅವರ ಕೈಸೇರಬೇಕು. ಕೊನೆಯ ಸೆಮಿಸ್ಟರಿನಲ್ಲಿ ಇಂತಿಷ್ಟೇ ಅಂಕ ಬರಬೇಕೆಂದು ಬಿಡಿಸಿ ಬರೆಯುವ ಪತ್ರಗಳು ಕಡಿಮೆ. ‘ಇದುವರೆಗಿನ ಮಟ್ಟವನ್ನೇ ಉಳಿಸಿಕೊಂಡು ಬರಬೇಕು’ ಎಂಬ ಧಾಟಿಯ ಮಾತೊಂದು ಇದ್ದರೂ ಇರಬಹುದು. ನಾಲ್ಕರ ಅಳತೆಯಲ್ಲಿ ಒಟ್ಟು ಸರಾಸರಿ ಮೂರಕ್ಕಿಂತ ಕೆಳಗಿಳಿಯಬಾರದೆಂಬುದು ಅಲ್ಲಿಯ ಬಹಳಷ್ಟು ಗ್ರ್ಯಾಜುಯೇಟ್ ಶಾಲೆಗಳ ರೂಢಿ.

ಸರಾಸರಿಯ ಗಣಿತವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿದರೆ ಎರಡನೆಯ ಪಂಗಡದವರ ಎದೆಬಡಿತ ಅರ್ಧ ಇಳಿದೀತು. ಎಂಟು ಸೆಮಿಸ್ಟರುಗಳಿಗೂ ಸಮತೂಕವೆಂದು ಎಣಿಸೋಣ. ಏಳರ ಸರಾಸರಿ ಹತ್ತಕ್ಕೆ ೮.೪ ಇದ್ದ ಹುಡುಗಿಗೆ ಎಂಟನೆಯದರಲ್ಲಿ ಬರಿಯ ೭ ಬಂದಿತೆನ್ನಿ. ಒಟ್ಟು ಸರಾಸರಿ ಸುಮಾರು ೮.೨ಕ್ಕೆ ಇಳಿಯುತ್ತದೆ, ಅಷ್ಟೆ. ಏಳು ಸೆಮಿಸ್ಟರುಗಳ ಭಾರ ಎಂಟನೆಯದನ್ನು ಎತ್ತಿ ಹಿಡಿಯುತ್ತದೆ. ಇಷ್ಟು ಇಳಿತಕ್ಕಾಗಿ ಕೊಟ್ಟ ಪ್ರವೇಶವನ್ನು ಕಿತ್ತುಕೊಳ್ಳುವುದು ತೀರ ಅಪರೂಪ. ಸಂಶೋಧನೆಗೆಂದು ಪಿಎಚ್.ಡಿ.ಗೆ ಆರಿಸಿಕೊಂಡಿದ್ದರಂತೂ ಅಲ್ಲಿಯ ಪ್ರಾಧ್ಯಾಪಕರು ನೋಡಿರುವುದು ಶಿಫಾರಸು ಪತ್ರಗಳನ್ನು, ಮಾಡಿದ ಕೆಲಸವನ್ನು, ಆ ಶಾಸ್ತ್ರದ ಮುಖ್ಯ ವಿಷಯಗಳಲ್ಲಿ ತೋರಿದ ಹಿಡಿತವನ್ನು. ಗಣಿತಶಾಸ್ತ್ರಕ್ಕೆ ಹೊರಟವನು ಗಣಿತದಲ್ಲೇ ಎಡವಿದರೆ ಹುಬ್ಬೇರಿಸಿಯಾರು. ಬೇರೆ ಯಾವುದೋ ಐಚ್ಛಿಕ ವಿಷಯದಲ್ಲಿ ಒಂದು ಮೆಟ್ಟಿಲು ಇಳಿದರೆ ಯಾರೂ ಕೇಳಲಾರರು.

ನಿಜವಾದ ಅಪಾಯ ನಪಾಸಿನಲ್ಲಿದೆ. ಒಂದೇ ಒಂದು ವಿಷಯ ಬಾಕಿ ಉಳಿದರೂ ಪದವಿ ಇಲ್ಲ. ಪದವಿ ಇಲ್ಲದಿದ್ದರೆ ಮೊದಲ ಷರತ್ತೇ ಮುರಿದಂತೆ. ಇಲ್ಲಿ ಒಂದು ವಿಪರ್ಯಾಸವುಂಟು. ಅನೇಕ ಕಡೆ ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟು, ಸೆಮಿನಾರುಗಳದೇ ಮೇಲುಗೈಯಾದುದರಿಂದ ಅಲ್ಲಿ ಮುಗ್ಗರಿಸುವವರು ಕಡಿಮೆ. ಕಾಲಿಗೆ ತೊಡರುವುದು ಎರಡನೆಯ ವರ್ಷದಿಂದ ಹಿಂಬಾಲಿಸಿಕೊಂಡು ಬಂದ ಹಳೆಯ ಪತ್ರಿಕೆ. ‘ಅದೊಂದನ್ನು ಕಡೆಗೆ ನೋಡಿಕೊಂಡರಾಯಿತು’ ಎಂದು ಮುಂದೂಡಿದವನಿಗೆ ಕಡೆಗೆ ಎಂಬುದು ಇದೇ ಮೇ-ಜೂನ್ ತಿಂಗಳಾಗಿರುತ್ತದೆ. ಮರುಪರೀಕ್ಷೆ ನಡೆದು ಫಲಿತಾಂಶ ಬರುವಷ್ಟರಲ್ಲಿ ಅಮೆರಿಕಾದಲ್ಲಿ ಆಗಸ್ಟ್ ಕೊನೆಯ ವಾರದ ತರಗತಿಗಳು ಶುರುವಾಗಿಬಿಡಬಹುದು.

ಇಂಗ್ಲೆಂಡಿನ ಕ್ರಮವೇ ಬೇರೆ. ಅಲ್ಲಿಯವರು ಮುಚ್ಚುಮರೆಯಿಲ್ಲದೆ ‘ಕಂಡಿಷನಲ್ ಆಫರ್’ ಎಂದೇ ಬರೆಯುತ್ತಾರೆ. ಅಂತಿಮವಾಗಿ ಪ್ರಥಮ ದರ್ಜೆ ಬರಬೇಕು, ಅಥವಾ ಇಷ್ಟು ಸರಾಸರಿ ಇರಬೇಕು ಎಂದು ಅಂಕಿಯನ್ನೇ ನಮೂದಿಸುತ್ತಾರೆ. ಷರತ್ತು ಪೂರ್ಣವಾದ ಮೇಲೆಯೇ ಅದು ನಿಶ್ಶರ್ತವಾಗುವುದು. ಅನಂತರವೇ ‘ಕ್ಯಾಸ್’ ಎಂಬ ದೃಢೀಕರಣ. ಆ ದೃಢೀಕರಣವಿಲ್ಲದೆ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವಂತಿಲ್ಲ. ಇಲ್ಲಿ ನಮ್ಮ ಗಣಿತ ಇನ್ನೊಂದು ಮುಖ ತೋರಿಸುತ್ತದೆ. ಪತ್ರ ೭ ಬೇಕೆಂದಿದೆ, ಏಳು ಸೆಮಿಸ್ಟರುಗಳ ಸರಾಸರಿ ೭.೧ ಇದೆ ಎನ್ನಿ. ಎಂಟನೆಯದರಲ್ಲಿ ೬.೩ ಬಂದರೆ ಒಟ್ಟು ಸರಿಯಾಗಿ ೭, ೬.೨ ಬಂದರೆ ಕೂದಲೆಳೆಯಷ್ಟು ಕಡಿಮೆ! ಗೆರೆಯಿಂದ ದೂರವಿರುವವನಿಗೆ ಕೊನೆಯ ಪರೀಕ್ಷೆ ಹಗುರ, ಗೆರೆಯ ಮೇಲೆಯೇ ನಿಂತವನಿಗೆ ಅದೇ ಸರ್ವಸ್ವ. ಆದುದರಿಂದ ‘ನನ್ನ ಗೆಳೆಯನಿಗೆ ಏನೂ ಆಗಲಿಲ್ಲ’ ಎಂಬ ಸಮಾಧಾನ ಯಾವ ಪ್ರಯೋಜನಕ್ಕೂ ಬಾರದು.

ಪ್ರವೇಶ ರದ್ದಾದ ಕಥೆಗಳು ಅಮೆರಿಕಾದಿಂದ ಕೇಳಿಬರುತ್ತವಲ್ಲ ಎನ್ನಬಹುದು. ಬರುತ್ತವೆ, ಆದರೆ ಗದ್ದಲವೆಬ್ಬಿಸಿದವು ಹೆಚ್ಚಾಗಿ ಹೈಸ್ಕೂಲು ಮುಗಿಸಿ ಕಾಲೇಜಿಗೆ ಸೇರುವ ಮಕ್ಕಳವು. ೨೦೧೭ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅರ್ವೈನ್ ಶಾಖೆ ಸುಮಾರು ಐನೂರು ಮಂದಿಯ ಪ್ರವೇಶವನ್ನು ತರಗತಿಗೆ ಎರಡು ತಿಂಗಳಿರುವಾಗ ಹಿಂತೆಗೆದುಕೊಂಡಿತು. ಕೆಲವರದು ಕೊನೆಯ ವರ್ಷದ ಕಳಪೆ ಅಂಕ. ಅರ್ಧಕ್ಕಿಂತ ಹೆಚ್ಚಿನವರದಾದರೋ ಅಂಕಪಟ್ಟಿ ಸಲ್ಲಿಕೆಯ ತೊಡಕು. ಕೂಗೆದ್ದ ಮೇಲೆ ಅಂಕಪಟ್ಟಿಯ ಕಾರಣಕ್ಕೆ ಹೊರಬಿದ್ದವರನ್ನು ಮತ್ತೆ ಸೇರಿಸಿಕೊಳ್ಳಲಾಯಿತು. ಅಂಕಕ್ಕಿಂತ ಲಕೋಟೆ ಹೆಚ್ಚು ಮಂದಿಯನ್ನು ಬೀಳಿಸಿದ ಈ ಪ್ರಸಂಗ ನಮ್ಮ ಹುಡುಗರ ಕಿವಿಯ ಮೇಲೂ ಬಿದ್ದಿರಲಿ.

ಕೊರೋನಾದ ವರ್ಷವಾದ ೨೦೨೦ರಲ್ಲಿ ಈ ಅಳತೆಗೋಲುಗಳೆಲ್ಲ ಒಮ್ಮೆ ಅಲುಗಾಡಿದವು. ಹಾರ್ವರ್ಡ್, ಎಂ.ಐ.ಟಿ., ಸ್ಟ್ಯಾನ್‌ಫರ್ಡ್‌ಗಳಂಥ ಕಡೆಯೇ ಆ ವಸಂತದ ಶ್ರೇಣಿಗಳನ್ನು ಕೈಬಿಟ್ಟು ‘ತೃಪ್ತಿಕರ’ ಅಥವಾ ಅಲ್ಲ ಎಂದಷ್ಟೇ ಬರೆದರು. ನಮ್ಮಲ್ಲಿಯೋ, ಕೊನೆಯ ವರ್ಷದವರನ್ನು ಪರೀಕ್ಷೆಯಿಲ್ಲದೆ ತೇರ್ಗಡೆ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತುದು ಆಗಸ್ಟ್ ೨೮ರಂದು. ಅಷ್ಟರಲ್ಲಿ ಸಮುದ್ರದಾಚೆ ಅನೇಕ ಕಡೆ ಪಾಠ ಆರಂಭವಾಗಿಹೋಗಿತ್ತು.

ಹಾಗಾದರೆ ಫಲಿತಾಂಶ ಕೈಕೊಟ್ಟವನು ಏನು ಮಾಡಬೇಕು? ಉತ್ತರಪತ್ರಿಕೆಯ ನಕಲನ್ನು ಪಡೆದು ಮರುಮೌಲ್ಯಮಾಪನಕ್ಕೆ ಹಾಕುವ ದಾರಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಇದ್ದೇ ಇದೆ. ಗಡುವು ಮೀರದಂತೆ ನೋಡಿಕೊಳ್ಳಬೇಕು. ಜೊತೆಗೇ, ಪ್ರವೇಶ ಕೊಟ್ಟ ವಿಭಾಗಕ್ಕೆ ತಾನಾಗಿಯೇ ಬರೆಯಬೇಕು. ಬಚ್ಚಿಟ್ಟುಕೊಂಡರೆ ಅಂಕಪಟ್ಟಿ ತಾನಾಗಿ ಮಾತಾಡುತ್ತದೆ, ಆಗ ಕಡಿಮೆ ಅಂಕದ ಜೊತೆಗೆ ಮುಚ್ಚಿಟ್ಟ ಆಪಾದನೆಯೂ ಸೇರುತ್ತದೆ. ಏನಾಯಿತು, ಏಕಾಯಿತು, ಪದವಿ ಎಂದಿಗೆ ಪೂರ್ಣವಾದೀತು ಎಂದು ನಾಲ್ಕೈದು ಸಾಲು ಸಾಕು. ಕಾಯಿಲೆಯಾಗಿದ್ದರೆ ವೈದ್ಯರ ಪತ್ರವಿರಲಿ. ಮನೆಯ ಕಷ್ಟವನ್ನು ಹತ್ತು ಪುಟ ಬರೆದು ಕರುಣೆ ಬೇಡುವ ನಮ್ಮ ಹಳೆಯ ಅರ್ಜಿಗಳ ಶೈಲಿ ಅಲ್ಲಿ ಮುಜುಗರವನ್ನೇ ತರುತ್ತದೆ. ಕೇಳಿದರೆ ಪ್ರವೇಶವನ್ನು ಮುಂದಿನ ಸತ್ರಕ್ಕೋ ವರ್ಷಕ್ಕೋ ಮುಂದೂಡಿ ಕೊಡುವ ವಿಭಾಗಗಳುಂಟು. ವಿದ್ಯಾರ್ಥಿವೇತನವೂ ಅದರೊಡನೆ ಮುಂದಕ್ಕೆ ಹೋಗುತ್ತದೆಯೆ ಎಂಬುದನ್ನು ಮಾತ್ರ ಪ್ರತ್ಯೇಕವಾಗಿ ಕೇಳಿ, ಬರಹದಲ್ಲೇ ಉತ್ತರ ಪಡೆಯಬೇಕು. ಪ್ರವೇಶ ಉಳಿದು ಹಣ ಹೋದರೆ ಬಡವನಿಗೆ ಎರಡೂ ಹೋದಂತೆಯೇ.

ಎಲ್ಲ ಸುಸೂತ್ರವಾಗಿ ಪಾಸಾದವನಿಗೂ ಒಂದು ಕೆಲಸ ಉಳಿಯುತ್ತದೆ. ಘಟಿಕೋತ್ಸವದ ಪದವಿಪತ್ರ ತಿಂಗಳುಗಟ್ಟಲೆ ತಡವಾಗುವುದು ನಮ್ಮಲ್ಲಿ ಮಾಮೂಲು. ಆದುದರಿಂದ ತಾತ್ಕಾಲಿಕ ಪದವಿ ಪ್ರಮಾಣಪತ್ರವನ್ನು ಮೊದಲೇ ಪಡೆಯಬೇಕು. ಅಂಕಪಟ್ಟಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕೇಳುವ ಸಂಸ್ಥೆಗಳು ಇನ್ನೂ ಇವೆ. ಅದನ್ನು ಒಡೆದು ನೋಡುವ ಕುತೂಹಲವನ್ನು ತಡೆದುಕೊಳ್ಳಬೇಕು, ಒಡೆದರೆ ಅದು ಅಧಿಕೃತವಲ್ಲ. ಅಂತಿಮ ಅಂಕಪಟ್ಟಿ ಮುಟ್ಟದಿದ್ದರೆ ಮೊದಲ ಸತ್ರಕ್ಕೆ ಸೇರಿಸಿಕೊಂಡರೂ ಎರಡನೆಯ ಸತ್ರದ ನೋಂದಣಿಗೆ ತಡೆ ಹಾಕುವ ಕ್ರಮ ಅಮೆರಿಕಾದಲ್ಲಿ ಸಾಮಾನ್ಯ. ವಿಮಾನ ಹತ್ತುವ ಮುನ್ನ ಇನ್ನೆರಡು ಮೊಹರಾದ ಲಕೋಟೆಗಳನ್ನು ಮಾಡಿಸಿಟ್ಟುಕೊಂಡರೆ, ಅಲ್ಲಿಂದ ತಂದೆಗೆ ಫೋನು ಮಾಡಿ ಅವರನ್ನು ಮತ್ತೆ ಬೆಳಗಾವಿಗೆ ಅಟ್ಟುವುದು ತಪ್ಪುತ್ತದೆ.